ಸಿಡಿಮದ್ದಿಗೆ ಬೇಕಿದ್ದ ಸರ್ಟಿಫಿಕೇಟು ಕೀಮೋಗೆ ಬೇಡವೇ?

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಕಿದ್ವಾಯಿಗೆ ಹೋಗುವವರನ್ನು ಗುರುತಿಸುವುದು ಕಷ್ಟವಲ್ಲ. ತೊಡೆಯ ಮೇಲೆ ಎಕ್ಸ್‌ರೇ ಕವರ್ ಅಥವಾ ದಪ್ಪ ಫೈಲು, ಬಾಯಿಗೆ ಅಡ್ಡ ಹಿಡಿದ ಟವೆಲ್ಲೋ ಸೆರಗೋ, ಪಕ್ಕದಲ್ಲಿ ಆ ದಿನದ ಕೂಲಿ ಬಿಟ್ಟು ಬಂದ ಮಗ ಅಥವಾ ಮಗಳು. ಊರಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಗಾರ್ಮೆಂಟ್ಸ್‌ಗೆ, ಕಚೇರಿಗೆ, ಕಾಲೇಜಿಗೆ ಹೋಗುವವರ ನಡುವೆ ಇವರೂ ಹೇಗೋ ಒತ್ತಿಕೊಂಡು ಕೂತಿರುತ್ತಾರೆ.

ನಾನು ನರ್ಸ್. ಇದೇ ರೈಲಿನಲ್ಲಿ ಬೆಂಗಳೂರಿನ ಕೆಲಸಕ್ಕೆ ಹೋಗಿ ಬರುತ್ತೇನೆ. ಕೊರಳಲ್ಲಿನ ಐಡಿ ಕಾರ್ಡ್ ಕಂಡ ಕೂಡಲೇ ಲೇಡೀಸ್ ಬೋಗಿಯಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. "ಸಿಸ್ಟರಮ್ಮಾ, ಈ ಮಾತ್ರೆ ಊಟಕ್ಕೆ ಮುಂಚೇನಾ, ಆಮೇಲಾ?" ಇಂಥವಕ್ಕೆ ಉತ್ತರ ಸುಲಭ. ಒಮ್ಮೆ ಒಬ್ಬ ಅಜ್ಜಿಯ ಮಗಳು ಕೇಳಿದ್ದು ಮಾತ್ರ ಬೇರೆ ತರದ ಪ್ರಶ್ನೆ. "ಮೊನ್ನೆ ಕೀಮೋ ಆಗಿ ಎಂಟು ದಿನಕ್ಕೆ ಅಮ್ಮನಿಗೆ ಜ್ವರ ಬಂತು. ಡೋಲೋ ಕೊಟ್ಟು ಮಲಗಿಸಿದ್ವಿ. ಡಾಕ್ಟರು ಬರೋಕೆ ಹೇಳಿರೋ ಡೇಟು ಇವತ್ತು, ಅದಕ್ಕೇ ಹೊರಟ್ವಿ. ಸರಿ ಮಾಡಿದ್ವಾ?"

ಸರಿಯಲ್ಲ. ಕೀಮೋ ಕೊಟ್ಟು ಒಂದು ವಾರ, ಹತ್ತು ದಿನ ಕಳೆಯುವಾಗ ರಕ್ತದ ಬಿಳಿ ಕಣಗಳು ತೀರಾ ಕೆಳಗಿಳಿದಿರುತ್ತವೆ. ಆಗ 100.4 ಡಿಗ್ರಿ ದಾಟಿದ ಜ್ವರ ಬಂದರೆ ಅದು ತುರ್ತು ಪರಿಸ್ಥಿತಿ. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತಕ್ಕೆ ಹೋಗಬೇಕು. ಮನೆಯಲ್ಲಿ ಕಾಯುವುದು ಜೀವಕ್ಕೇ ಕುತ್ತು. ಇದನ್ನು ಆ ಮನೆಯವರಿಗೆ ಯಾರಾದರೂ ಕೂರಿಸಿಕೊಂಡು, ಅವರ ಭಾಷೆಯಲ್ಲಿ ಹೇಳಿದ್ದರೆ ಸಾಕಿತ್ತು. ಹೇಳಬೇಕಾದವಳು ನರ್ಸ್. ಆದರೆ ಆಕೆಗೆ ಅದನ್ನು ಯಾರು ಹೇಳಿಕೊಟ್ಟಿರುತ್ತಾರೆ? ನನಗಂತೂ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ನಾನು ಕಲಿತಿದ್ದು ಒಂದು ತಪ್ಪು ಮಾಡಿದ ಮೇಲೆ, ಪುಸ್ತಕ ಹುಡುಕಿ ಓದಿ.

ಆ ತಪ್ಪನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದೆ ಉಳಿದ ಮಾತು ಹೇಳುವ ಹಕ್ಕು ನನಗಿಲ್ಲ ಅನ್ನಿಸಿತು.

ಮೂರು ವರ್ಷದ ಜಿಎನ್‌ಎಂ ಮುಗಿಸಿ ಮೊದಲು ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ನನ್ನನ್ನು ಕೀಮೋ ವಿಭಾಗಕ್ಕೆ ಹಾಕಿದರು. ತರಬೇತಿ ಎಂದರೆ ಎರಡು ದಿನ ಸೀನಿಯರ್ ಸಿಸ್ಟರ್ ಹಿಂದೆ ಓಡಾಡಿದ್ದು. ಪಾಪ, ಅವರೂ ಹಾಗೇ ನೋಡಿ ಕಲಿತವರು. ಮೂರನೇ ವಾರ ಒಬ್ಬ ತಾಯಿಗೆ ಡಾಕ್ಸೋರೂಬಿಸಿನ್ ಹೋಗುತ್ತಿತ್ತು. ಕೆಂಪು ಬಣ್ಣದ ಔಷಧಿ ಅದು. ಕೈ ಉರಿಯುತ್ತಿದೆ ಎಂದರು. ನೋಡಿದರೆ ಸೂಜಿಯ ಸುತ್ತ ಊದಿತ್ತು. ಸಾಮಾನ್ಯ ಗ್ಲೂಕೋಸ್ ಡ್ರಿಪ್ ಊದಿಕೊಂಡರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಸೂಜಿ ಕಿತ್ತೆ, ಬಿಸಿನೀರಿನ ಬ್ಯಾಗ್ ಇಟ್ಟೆ.

ಎರಡೂ ತಪ್ಪು. ಡಾಕ್ಸೋರೂಬಿಸಿನ್ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಎರಡನ್ನೂ ಸುಡುತ್ತದೆ. ಮೊದಲು ಔಷಧಿ ನಿಲ್ಲಿಸಬೇಕು. ಸೂಜಿಯನ್ನು ಕೀಳದೆ ಅದರ ಮೂಲಕವೇ ಸೋರಿದ್ದನ್ನು ಸಿರಿಂಜಿನಿಂದ ಆದಷ್ಟು ಹಿಂದಕ್ಕೆಳೆಯಬೇಕು. ಊತದ ಅಂಚಿಗೆ ಪೆನ್ನಿನಿಂದ ಗುರುತು ಹಾಕಿ ಡಾಕ್ಟರಿಗೆ ಹೇಳಬೇಕು. ಮೇಲೆ ಇಡಬೇಕಾದದ್ದು ಐಸು, ಬಿಸಿ ಅಲ್ಲ. ಆದರೆ ಅದೇ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರಿಗೆ ಹೋಗುವ ವಿನ್‌ಕ್ರಿಸ್ಟಿನ್ ಸೋರಿದರೆ ಇಡಬೇಕಾದದ್ದು ಬಿಸಿ ಶಾಖವೇ. ಇದನ್ನೆಲ್ಲ ಊಹೆಯಿಂದ, ಒಳ್ಳೆಯ ಮನಸ್ಸಿನಿಂದ, ಸೇವಾಭಾವದಿಂದ ತಿಳಿಯಲು ಆಗುವುದಿಲ್ಲ. ಓದಿ, ಮಾಡಿ ಕಲಿಯಬೇಕು.

ಆ ತಾಯಿಯ ಕೈ ಕಪ್ಪಾಯಿತು, ಹುಣ್ಣಾಯಿತು, ತಿಂಗಳುಗಟ್ಟಲೆ ಡ್ರೆಸಿಂಗ್ ನಡೆಯಿತು. ಮುಂದಿನ ಕೀಮೋ ಮುಂದಕ್ಕೆ ಹೋಯಿತು. ಆಕೆ ನನಗೆ ಹೇಳಿದ್ದು, "ನಿನ್ ತಪ್ಪೇನಿಲ್ಲ ಬಿಡಮ್ಮ, ನನ್ ನರಾನೇ ಸರಿ ಇಲ್ಲ." ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿದ ಎಲ್ಲರೂ ಈ ಮಾತು ಕೇಳಿರುತ್ತಾರೆ. ಅವರ ನರ ಸರಿಯಾಗಿಯೇ ಇತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ. ಆಸ್ಪತ್ರೆ ಒಂದು ಫಾರಂ ತುಂಬಿಸಿಕೊಂಡು ನನ್ನನ್ನು ಜನರಲ್ ವಾರ್ಡಿಗೆ ಕಳಿಸಿತು. ನನ್ನ ಜಾಗಕ್ಕೆ ಬಂದ ಹುಡುಗಿಗೂ ಅದೇ ಎರಡು ದಿನದ ತರಬೇತಿ.

ನಮ್ಮ ತಾತ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಬ್ಲಾಸ್ಟರ್ ಆಗಿದ್ದವರು. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬಂಡೆಯ ತೂತಿಗೆ ಸಿಡಿಮದ್ದು ತುಂಬಿ ಬತ್ತಿ ಹಚ್ಚುವ ಮೊದಲು ಪರೀಕ್ಷೆಗೆ ಕೂತು ಸರ್ಟಿಫಿಕೇಟು ತೆಗೆದುಕೊಳ್ಳಲೇಬೇಕಿತ್ತು. ಗಣಿ ಕಾನೂನು ಹಾಗಿತ್ತು. ಕಾಗದ ಇಲ್ಲದವನ ಕೈಗೆ ಮದ್ದು ಕೊಡುವಂತಿರಲಿಲ್ಲ. ಮನೆಯಲ್ಲಿ ನನ್ನ ಕಥೆ ಹೇಳಿದಾಗ ತಾತ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಸರ್ಟಿಫಿಕೇಟು ಇಲ್ದೆ ನಿನ್ ಕೈಗೆ ಮದ್ದು ಕೊಟ್ಟೋರು ಯಾರು?" ಎಂದರು. ಈ ಲೇಖನದಲ್ಲಿ ನಾನು ಕೇಳುತ್ತಿರುವುದೂ ಅದನ್ನೇ.

ಇಂಥ ಸರ್ಟಿಫಿಕೇಟು ಇಲ್ಲದೇ ಇಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ಆಂಕಾಲಜಿ ನರ್ಸಿಂಗ್ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಅವಧಿ ಒಂದು ವರ್ಷ. ನೋಂದಣಿಯಾದ ನರ್ಸ್ ಆಗಿದ್ದು, ಒಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದರೆ ಸೇರಬಹುದು. ಜಿಎನ್‌ಎಂ ಆದವರಿಗೂ ಅವಕಾಶವಿದೆ. ಬಿ.ಎಸ್ಸಿ. ನರ್ಸಿಂಗ್ ಮಾಡಿದವರಿಗೆ ಎರಡು ವರ್ಷದ ಎಂ.ಎಸ್ಸಿ.ಯಲ್ಲಿ ಆಂಕಾಲಜಿಯನ್ನೇ ವಿಶೇಷ ವಿಷಯವಾಗಿ ಓದುವ ದಾರಿಯಿದೆ. ಡಿಪ್ಲೊಮಾದಲ್ಲಿ ಪಾಠಕ್ಕಿಂತ ವಾರ್ಡಿನ ಕೆಲಸವೇ ಹೆಚ್ಚು. ರೋಗಿಯ ಎತ್ತರ, ತೂಕ ನೋಡಿ ಡೋಸ್ ಲೆಕ್ಕ ಹಾಕಿ ಇನ್ನೊಬ್ಬರಿಂದ ಮತ್ತೆ ಪರೀಕ್ಷಿಸಿಕೊಳ್ಳುವುದು, ಕೀಮೋ ಪೋರ್ಟ್‌ಗೆ ಸೂಜಿ ಹಾಕುವುದು, ರೇಡಿಯೇಷನ್‌ನಿಂದ ಸುಟ್ಟ ಚರ್ಮ ಮತ್ತು ಬಾಯಿಹುಣ್ಣಿನ ಆರೈಕೆ, ಔಷಧಿ ನೆಲಕ್ಕೆ ಚೆಲ್ಲಿದರೆ ನಮ್ಮನ್ನೂ ಕಾಪಾಡಿಕೊಂಡು ಒರೆಸುವ ಕ್ರಮ, ಕೊನೆಯ ದಿನಗಳ ನೋವಿಗೆ ಮಾರ್ಫಿನ್. ನಮ್ಮ ಮೂರು ವರ್ಷದ ಕೋರ್ಸಿನಲ್ಲಿ ಇವೆಲ್ಲ ಸೇರಿ ಒಂದು ಅಧ್ಯಾಯ. ಪರೀಕ್ಷೆಗೆ ಬರುವುದು ಹೆಚ್ಚೆಂದರೆ ಒಂದು ಪ್ರಶ್ನೆ, ಅದನ್ನೂ ಚಾಯ್ಸ್‌ನಲ್ಲಿ ಬಿಡಬಹುದು!

ವಿನ್‌ಕ್ರಿಸ್ಟಿನ್ ವಿಷಯವನ್ನೇ ತೆಗೆದುಕೊಳ್ಳಿ. ರಕ್ತನಾಳಕ್ಕೆ ಹೋಗಬೇಕಾದ ಆ ಔಷಧಿ ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ರೋಗಿ ಉಳಿಯುವುದು ತೀರಾ ಅಪರೂಪ. ಬೇರೆ ಬೇರೆ ದೇಶಗಳಲ್ಲಿ ಹೀಗೆ ಸಾವುಗಳಾದ ಮೇಲೆ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿ, ಅದನ್ನು ಸಿರಿಂಜಿನಲ್ಲಿ ತುಂಬದೆ ಚಿಕ್ಕ ಡ್ರಿಪ್ ಚೀಲದಲ್ಲೇ ಕೊಡಿ ಎಂದಿತು. ಅಮೆರಿಕದಲ್ಲಿ ಕ್ಯಾನ್ಸರ್ ನರ್ಸ್‌ಗಳು 1975ರಲ್ಲೇ ತಮ್ಮದೇ ಸಂಘ ಕಟ್ಟಿಕೊಂಡರು. ಇದು ಪ್ರತ್ಯೇಕ ಕೌಶಲ ಎಂಬುದು ಹೊಸ ಮಾತೇನಲ್ಲ. ನಮ್ಮಲ್ಲೂ ಮುಂಬೈಯ ಟಾಟಾ ಮೆಮೋರಿಯಲ್ 1941ರಿಂದ, ನಮ್ಮ ಕಿದ್ವಾಯಿ 1973ರಿಂದ ಇವೆ. ಚಿಕಿತ್ಸೆಗೆ ಐವತ್ತು ವರ್ಷ ದಾಟಿದ ನಾಡಿನಲ್ಲಿ ಅದನ್ನು ಕೊಡುವ ಕೈಗೆ ಎರಡು ದಿನದ ತರಬೇತಿ ಸಾಕು ಎಂದು ಯಾರು ಲೆಕ್ಕ ಹಾಕಿದರೋ.

ಹಾಗಾದರೆ ನರ್ಸ್‌ಗಳು ಈ ಡಿಪ್ಲೊಮಾಕ್ಕೆ ಸಾಲುಗಟ್ಟಿ ಯಾಕೆ ನಿಲ್ಲುತ್ತಿಲ್ಲ? ನನ್ನ ಗೆಳತಿಯರನ್ನು ಕೇಳಿದೆ. ಒಬ್ಬಳು ಜರ್ಮನ್ ಭಾಷೆಯ ಬಿ2 ಪರೀಕ್ಷೆಗೆ ಓದುತ್ತಿದ್ದಾಳೆ, ಇನ್ನೊಬ್ಬಳು ಗಲ್ಫ್‌ಗೆ ಹೋಗಲು ಪ್ರೊಮೆಟ್ರಿಕ್ ಪರೀಕ್ಷೆಗೆ. "ಒಂದು ವರ್ಷ ಕೂತು ಓದಿದ್ರೆ ಸಂಬಳ ಎಷ್ಟು ಜಾಸ್ತಿ ಆಗುತ್ತೆ ಹೇಳು, ನಾನೂ ಬರ್ತೀನಿ" ಎಂದಳು ಮೊದಲನೆಯವಳು. ನನ್ನ ಬಳಿ ಉತ್ತರ ಇರಲಿಲ್ಲ. ಎಜುಕೇಷನ್ ಲೋನ್ ಕಂತು ಕಟ್ಟುತ್ತಿರುವ ಹುಡುಗಿಗೆ ಸೇವೆ, ತ್ಯಾಗ ಎಂದೆಲ್ಲ ಭಾಷಣ ಮಾಡುವುದು ನನಗೆ ಇಷ್ಟವಿಲ್ಲ. ನರ್ಸಸ್ ಡೇ ದಿನ ಗುಲಾಬಿ ಕೊಟ್ಟು ಅದನ್ನು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಡಿಪ್ಲೊಮಾ ಮಾಡಿ ಬಂದವಳನ್ನು ಮುಂದಿನ ತಿಂಗಳು ಹೆರಿಗೆ ವಾರ್ಡಿಗೋ ಕ್ಯಾಶುವಾಲ್ಟಿಗೋ ಹಾಕಿದರೆ ಆ ಒಂದು ವರ್ಷ ನೀರಿನಲ್ಲಿ ಹೋಮ ಮಾಡಿದಂತೆ.

ಈ ಮಾತು ಈಗಲೇ ಆಡಬೇಕಾದ್ದಕ್ಕೆ ಕಾರಣವಿದೆ. 2022ರಲ್ಲಿ ದೇಶದಲ್ಲಿ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳಾಗಿವೆ ಎಂಬ ಅಂದಾಜಿದೆ. 2025ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವ ಘೋಷಣೆಯಾಯಿತು. ನಮ್ಮ ರಾಜ್ಯ ಸರ್ಕಾರವೂ ಅದೇ ವರ್ಷ 16 ಜಿಲ್ಲೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಆರಂಭಿಸಿತು. ತುಂಬಾ ಒಳ್ಳೆಯ ಕೆಲಸ. ಇಪ್ಪತ್ತೊಂದು ದಿನಕ್ಕೊಮ್ಮೆ ಆರು ಸಲ ರೈಲು ಹತ್ತುವ ಜನರನ್ನು ದಿನಾ ನೋಡುವ ನನಗೆ ಅದರ ಬೆಲೆ ಗೊತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನವರು ಕೆಲಸಕ್ಕೂ ಬೆಂಗಳೂರು, ಕಾಯಿಲೆಗೂ ಬೆಂಗಳೂರು ಎಂದು ಬದುಕುತ್ತಿದ್ದಾರೆ. ಕೀಮೋ ಹತ್ತಿರ ಬಂದರೆ ಎಷ್ಟೋ ಮನೆ ಉಸಿರಾಡುತ್ತವೆ.

ಆದರೆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನರ್ಸ್ ತಡವರಿಸಿದರೆ ಕರೆಯಲು ಹತ್ತು ಜನ ತಜ್ಞರಿರುತ್ತಾರೆ. ಜಿಲ್ಲಾ ಕೇಂದ್ರದ ಡೇ ಕೇರ್‌ನಲ್ಲಿ ಸಂಜೆ ನಾಲ್ಕಕ್ಕೆ ಔಷಧಿ ಸೋರಿದರೆ ಅಲ್ಲಿರುವ ನರ್ಸೇ ಮೊದಲ ತಜ್ಞೆ. ಚಿಕ್ಕ ಕೇಂದ್ರಕ್ಕೆ ಸಾಮಾನ್ಯ ನರ್ಸ್ ಸಾಕು ಎನ್ನುವವರು ಲೆಕ್ಕವನ್ನು ತಲೆಕೆಳಗು ಹಾಕುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಹಾಸಿಗೆ, ಔಷಧಿ, ಉದ್ಘಾಟನೆಯ ಫಲಕ ಸಿದ್ಧವಾಗುವಾಗಲೇ ಈ ಡಿಪ್ಲೊಮಾ ಮಾಡಿದ ಶುಶ್ರೂಷಾಧಿಕಾರಿಯ ಹುದ್ದೆಯೂ ಮಂಜೂರಾಗಬೇಕು. ಈಗಾಗಲೇ ಕೆಲಸದಲ್ಲಿರುವವರನ್ನು ಸಂಬಳಸಹಿತ ಒಂದು ವರ್ಷ ಓದಲು ಕಳಿಸಬೇಕು. ವಾಪಸು ಬಂದ ಮೇಲೆ ಕನಿಷ್ಠ ಮೂರು ವರ್ಷ ಬೇರೆ ವಾರ್ಡಿಗೆ ಎತ್ತಿಹಾಕಬಾರದು, ಒಂದು ವಿಶೇಷ ಭತ್ಯೆ ಕೊಡಬೇಕು. ಅಷ್ಟು ಮಾಡಿದರೆ ಜರ್ಮನ್ ಕಲಿಯುವವರಲ್ಲಿ ಒಂದಿಬ್ಬರಾದರೂ ಇಲ್ಲೇ ಉಳಿಯಬಹುದು. ಎಲ್ಲರೂ ಉಳಿಯಲಿಕ್ಕಿಲ್ಲ, ಅದನ್ನು ತಪ್ಪು ಎನ್ನಲೂ ಆಗುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಹಳ್ಳಿಗಳಲ್ಲಿ ಹೊಗೆಸೊಪ್ಪು, ಕಡ್ಡಿಪುಡಿಯನ್ನು ದವಡೆಗೆ ಒತ್ತಿಕೊಂಡೇ ಮಲಗುವ ಅಜ್ಜಿಯರಿದ್ದಾರೆ. ಕೆನ್ನೆಯೊಳಗೆ ಬಿಳಿ ಮಚ್ಚೆ ಮೂಡಿದಾಗ, ಖಾರ ತಿಂದರೆ ಉರಿ ಎಂದಾಗ ತೋರಿಸಿದರೆ ದೊಡ್ಡ ಚಿಕಿತ್ಸೆಯೇ ಬೇಕಾಗದಿರಬಹುದು. ಗಂಡಸು ಡಾಕ್ಟರ ಮುಂದೆ ಬಾಯಿ ತೆರೆಯಲು ನಾಚುವ ಅಜ್ಜಿ ಸಿಸ್ಟರಮ್ಮನ ಮುಂದೆ ತೆರೆಯುತ್ತಾಳೆ, ತೆಲುಗೋ ತಮಿಳೋ ಕನ್ನಡವೋ ಮೂರೂ ಬೆರೆಸಿಯೋ ಮಾತಾಡುತ್ತಾಳೆ. ಬಂಗಾರಪೇಟೆ, ಕೆಜಿಎಫ್‌ನ ನರ್ಸ್‌ಗಳಿಗೆ ಈ ಮೂರೂ ಭಾಷೆ ಹುಟ್ಟಿನಿಂದಲೇ ಬರುತ್ತವೆ. ಜರ್ಮನಿಯವರು ಭಾಷೆ ಬರುವ ನರ್ಸ್ ಬೇಕೆಂದು ಪರೀಕ್ಷೆ ಇಡುತ್ತಾರೆ. ನಮ್ಮಲ್ಲಿರುವ ಭಾಷೆಗೆ ಇಲ್ಲಿ ಬೆಲೆಯಿಲ್ಲ.

ನರ್ಸಿಂಗ್ ಓದುತ್ತಿರುವ, ಕೆಲಸ ಹುಡುಕುತ್ತಿರುವ ತಂಗಿಯರಿಗೆ, ತಮ್ಮಂದಿರಿಗೆ ಒಂದು ಕಿವಿಮಾತು. ಈ ಕೋರ್ಸಿಗೆ ಸೇರುವ ಮುನ್ನ ಅದಕ್ಕೆ ಪರಿಷತ್ತಿನ ಮಾನ್ಯತೆ ಇದೆಯೇ ನೋಡಿ. ಆ ಆಸ್ಪತ್ರೆಯಲ್ಲಿ ಕೀಮೋ, ರೇಡಿಯೇಷನ್, ಸರ್ಜರಿ, ನೋವು ಶಮನ ನಾಲ್ಕೂ ನಿಜವಾಗಿ ನಡೆಯುತ್ತವೆಯೇ ವಿಚಾರಿಸಿ. ಈಗ ಓದುತ್ತಿರುವವರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ, ಬ್ರೋಷರ್ ನಂಬಬೇಡಿ. ಹೊಸದಾಗಿ ಕೆಲಸಕ್ಕೆ ಸೇರಿ ಕೀಮೋ ವಿಭಾಗಕ್ಕೆ ಹಾಕಿದರೆ, "ನನಗೆ ಇದರ ತರಬೇತಿ ಆಗಿಲ್ಲ, ಜೊತೆಗೆ ಒಬ್ಬರಿರಲಿ" ಎಂದು ಹೇಳಿ. ಹೇಳಲು ಭಯವಾಗುತ್ತದೆ. ನನಗೂ ಆಗಿತ್ತು, ಅದಕ್ಕೇ ಹೇಳಲಿಲ್ಲ.

ಈ ವರ್ಷ ನಾನು ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದೇನೆ. ಅಮ್ಮನಿಗೆ ಪೂರ್ತಿ ಒಪ್ಪಿಗೆಯಿಲ್ಲ. ತಮ್ಮನ ಫೀಸು ಯಾರು ಕಟ್ಟುತ್ತಾರೆ ಎನ್ನುತ್ತಿದ್ದಾರೆ, ಅದೂ ಸುಳ್ಳಲ್ಲ. ತಾತ ಮಾತ್ರ ಟ್ರಂಕಿನಿಂದ ತಮ್ಮ ಹಳೆಯ ಬ್ಲಾಸ್ಟರ್ ಸರ್ಟಿಫಿಕೇಟು ತೆಗೆದು ತೋರಿಸಿದರು. ಮಡಿಕೆ ಇದ್ದಲ್ಲಿ ಹರಿದಿದೆ, ಫೋಟೋದಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲ. "ಇದನ್ನ ತೋರಿಸದೆ ಒಂದು ದಿನಾನೂ ಮದ್ದು ಮುಟ್ಟಿಲ್ಲ" ಎಂದು ಹೇಳಿ ಮತ್ತೆ ಒಳಗಿಟ್ಟರು.