ಪುಣೆಯಲ್ಲಿ ಎಂಜಿನಿಯರಿಂಗ್ ಪಿಎಚ್‌ಡಿ: ಬಾಗಿಲು ಅಗಲವಾಯಿತು, ದಾರಿ ಸಲೀಸಾಯಿತೇ?

ಪುಣೆ: ಪ್ರತಿವರ್ಷ ಮಾರ್ಚ್‌ನಲ್ಲಿ ಗೇಟ್ ಫಲಿತಾಂಶ ಹೊರಬೀಳುತ್ತಿದ್ದಂತೆ ಎಂಜಿನಿಯರಿಂಗ್ ಪದವೀಧರರ ಮುಂದೆ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಹಿಂಜೇವಾಡಿಯ ಐಟಿ ಕಂಪನಿಯನ್ನೋ ಚಾಕಣದ ವಾಹನ ಕಾರ್ಖಾನೆಯನ್ನೋ ಸೇರುವುದೇ, ಇಲ್ಲ ಎಂ.ಟೆಕ್, ಪಿಎಚ್‌ಡಿ ಎಂದು ಓದು ಮುಂದುವರಿಸುವುದೇ? ಬೆಳಗಾವಿ, ವಿಜಯಪುರ, ಕಲಬುರಗಿಯ ವಿದ್ಯಾರ್ಥಿಗಳಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಹಾಗಾಗಿ ಈ ಪ್ರಶ್ನೆ ಮಹಾರಾಷ್ಟ್ರದವರದ್ದು ಮಾತ್ರವಲ್ಲ.

ಈ ನಂಟು ಇಂದಿನದೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯ, ಮೈಸೂರು ಸರ್ಕಾರದ ನೆರವಿನಿಂದ ಎಂಜಿನಿಯರಿಂಗ್ ಓದಲು ಬಂದದ್ದು ಇದೇ ಪುಣೆಗೆ. 1883ರಲ್ಲಿ ಅವರು ಎಲ್‌ಸಿಇ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. 1854ರಲ್ಲಿ ಆರಂಭವಾದ ಆ ಕಾಲೇಜು 2022ರಲ್ಲಿ ಸಿಒಇಪಿ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ, ರಕ್ಷಣಾ ಇಲಾಖೆಯ ಉನ್ನತ ತಂತ್ರಜ್ಞಾನ ಸಂಸ್ಥೆ (ಡಯಟ್), ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಐಸರ್ ಎಲ್ಲವೂ ಈ ಒಂದೇ ನಗರದಲ್ಲಿವೆ. ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಊರು ಬೇಕೇ ಎನ್ನಿಸುವುದು ಸಹಜ. ಆದರೆ ಅರ್ಜಿ ಹಾಕಲು ಹೊರಟವರಿಗೆ ಲೆಕ್ಕ ಬೇರೆಯೇ ಕಾಣುತ್ತದೆ.

ನಿಯಮ ಏನು ಹೇಳುತ್ತದೆ?

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನವೆಂಬರ್‌ನಲ್ಲಿ ಪಿಎಚ್‌ಡಿ ನಿಯಮಾವಳಿಯನ್ನು ಬದಲಿಸಿತು. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ಸ್ನಾತಕೋತ್ತರ ಪದವಿ ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಬಿ.ಇ., ಬಿ.ಟೆಕ್ ನಾಲ್ಕು ವರ್ಷದ ಕೋರ್ಸ್‌ಗಳೇ ಆಗಿರುವುದರಿಂದ ಇದರ ಲಾಭ ಎಂಜಿನಿಯರಿಂಗ್‌ನವರಿಗೆ ನೇರವಾಗಿ ಸಿಗಬೇಕು. ಸ್ನಾತಕೋತ್ತರ ಪದವೀಧರರಿಗೆ ಶೇ 55 ಅಂಕ ಸಾಕು. ಮೀಸಲು ವರ್ಗದವರಿಗೆ ಶೇ 5ರಷ್ಟು ವಿನಾಯಿತಿ ಇದೆ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು ವರ್ಷ ಸಿಗುತ್ತದೆ. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು ವರ್ಷ. ಉದ್ಯೋಗದಲ್ಲಿ ಇರುವವರು ಸಂಸ್ಥೆಯ ನಿರಾಕ್ಷೇಪಣಾ ಪತ್ರ ತಂದರೆ ಅರೆಕಾಲಿಕ ಪಿಎಚ್‌ಡಿಯನ್ನೂ ಮಾಡಬಹುದು. ದೂರಶಿಕ್ಷಣದ ಪಿಎಚ್‌ಡಿಗೆ ಮಾನ್ಯತೆ ಇಲ್ಲ.

2024ರ ಮಾರ್ಚ್‌ನಲ್ಲಿ ಯುಜಿಸಿ ಇನ್ನೊಂದು ಹೆಜ್ಜೆ ಇಟ್ಟಿತು. ಪ್ರತಿ ವಿಶ್ವವಿದ್ಯಾಲಯವೂ ಬೇರೆ ಬೇರೆ ಪ್ರವೇಶ ಪರೀಕ್ಷೆ ನಡೆಸುವ ಬದಲು ನೆಟ್ ಅಂಕವನ್ನೇ ಪರಿಗಣಿಸಬಹುದು ಎಂದಿತು. ಇಲ್ಲೇ ಎಂಜಿನಿಯರಿಂಗ್‌ನವರಿಗೆ ತೊಡಕು. ನೆಟ್‌ನಲ್ಲಿ ಕಂಪ್ಯೂಟರ್ ವಿಜ್ಞಾನವಿದೆ, ಎಲೆಕ್ಟ್ರಾನಿಕ್ ವಿಜ್ಞಾನವಿದೆ. ಸಿವಿಲ್, ಮೆಕ್ಯಾನಿಕಲ್ ಎಂಬ ವಿಷಯಗಳೇ ಇಲ್ಲ. ಹೀಗಾಗಿ ಅವರಿಗೆ ಗೇಟ್ ಅಂಕ ಇಲ್ಲವೇ ವಿಶ್ವವಿದ್ಯಾಲಯದ ಸ್ವಂತ ಪ್ರವೇಶ ಪರೀಕ್ಷೆಯೇ ಗತಿ. ಗೇಟ್ ಅಂಕಕ್ಕೆ ಮೂರು ವರ್ಷ ಮಾನ್ಯತೆ ಇರುವುದೊಂದೇ ಸಮಾಧಾನ.

ಮಾರ್ಗದರ್ಶಕರೇ ಇಲ್ಲದಿದ್ದರೆ?

ಪರೀಕ್ಷೆ ಪಾಸಾದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧನಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಅವರು ಕಾಯಂ ಬೋಧಕರಾಗಿರಬೇಕು, ಪಿಎಚ್‌ಡಿ ಪಡೆದಿರಬೇಕು, ಸ್ವತಃ ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿರಬೇಕು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಕಾಯಂ ಹುದ್ದೆ ಖಾಲಿ ಬಿದ್ದಷ್ಟೂ ಪಿಎಚ್‌ಡಿ ಸೀಟುಗಳೂ ಕರಗುತ್ತವೆ. ಒಬ್ಬ ಪ್ರಾಧ್ಯಾಪಕರು ನಿವೃತ್ತರಾಗಿ ಆ ಜಾಗಕ್ಕೆ ಗುತ್ತಿಗೆ ಉಪನ್ಯಾಸಕರು ಬಂದರೆ ತರಗತಿ ನಡೆಯುತ್ತದೆ, ಎಂಟು ಸಂಶೋಧನಾ ಸೀಟು ಮಾಯವಾಗುತ್ತದೆ. ಪುಣೆ ವಿಶ್ವವಿದ್ಯಾಲಯ ಎನ್‌ಐಆರ್‌ಎಫ್ ಪಟ್ಟಿಯ ವಿಶ್ವವಿದ್ಯಾಲಯಗಳ ವಿಭಾಗದಲ್ಲಿ 2024ರ 23ನೇ ಸ್ಥಾನದಿಂದ 2025ರಲ್ಲಿ 56ಕ್ಕೆ ಕುಸಿದಾಗ ಮೊದಲು ಚರ್ಚೆಗೆ ಬಂದದ್ದೂ ಬೋಧಕರ ಕೊರತೆಯೇ. ಅರ್ಹತೆಯ ಬಾಗಿಲನ್ನು ದೆಹಲಿ ಅಗಲ ಮಾಡಬಹುದು, ಒಳಗೆ ಕುರ್ಚಿ ಹಾಕಬೇಕಾದದ್ದು ರಾಜ್ಯ ಸರ್ಕಾರ. ಕರ್ನಾಟಕದ ವಿಶ್ವವಿದ್ಯಾಲಯಗಳಿಗೂ ಈ ಮಾತು ಅನ್ವಯಿಸುತ್ತದೆ.

ಹೊಟ್ಟೆಪಾಡಿನ ಪ್ರಶ್ನೆ

ಗೇಟ್ ಅರ್ಹತೆಯೊಂದಿಗೆ ಎಂ.ಟೆಕ್ ಸೇರಿದವರಿಗೆ ಎಐಸಿಟಿಇ ಕೊಡುವ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂ. ವರ್ಷಕ್ಕೆ ಲೆಕ್ಕ ಹಾಕಿದರೆ ಒಂದೂವರೆ ಲಕ್ಷವೂ ಆಗದು. ಪುಣೆಯಂಥ ನಗರದಲ್ಲಿ ಬಾಡಿಗೆ, ಊಟಕ್ಕೇ ಇದು ಸಾಲದು. ಅದೇ ವಿದ್ಯಾರ್ಥಿಯ ಸಹಪಾಠಿಗಳು ಆ ವೇಳೆಗೆ ಸಂಬಳ ಎಣಿಸುತ್ತಿರುತ್ತಾರೆ.

ಪಿಎಚ್‌ಡಿ ಹಂತದಲ್ಲಿ ಅಂತರ ಇನ್ನೂ ಹೆಚ್ಚು. ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂ. ಆಗಿದೆ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್‌ನಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 70,000 ರೂ. ನಿಗದಿಯಾಗಿತ್ತು. ಐದು ವರ್ಷಗಳಲ್ಲಿ ಇಂಥ 10,000 ಫೆಲೋಶಿಪ್ ಕೊಡುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಆದರೆ ಅದು ಐಐಟಿ ಮತ್ತು ಐಐಎಸ್‌ಸಿಗೆ. ಪುಣೆಯಲ್ಲಿ ಎರಡೂ ಇಲ್ಲ. ಎಲೆಕ್ಟ್ರಾನಿಕ್ಸ್ ಮತ್ತು ಐಟಿ ವಿಷಯದವರಿಗೆ 2014ರಲ್ಲಿ ಶುರುವಾದ, ವಿಶ್ವೇಶ್ವರಯ್ಯನವರದೇ ಹೆಸರಿನ ಪಿಎಚ್‌ಡಿ ಯೋಜನೆ ಇದೆ. ಸಿವಿಲ್‌, ಮೆಕ್ಯಾನಿಕಲ್‌ನವರಿಗೆ ಅದೂ ಇಲ್ಲ.

ಉಳಿದವರು ನೆಚ್ಚಿಕೊಂಡಿರುವುದು ರಾಜ್ಯದ ಬಾರ್ಟಿ, ಸಾರಥಿ, ಮಹಾಜ್ಯೋತಿ ಸಂಸ್ಥೆಗಳ ಫೆಲೋಶಿಪ್. ಅದೂ ಸುಲಭಕ್ಕೆ ಕೈಗೆ ಬಂದಿಲ್ಲ. 2023ರ ಡಿಸೆಂಬರ್ 24ರಂದು ನಡೆದ ಅರ್ಹತಾ ಪರೀಕ್ಷೆಯಲ್ಲಿ 2019ರ ಸೆಟ್ ಪ್ರಶ್ನೆಪತ್ರಿಕೆಯನ್ನೇ ಕೊಡಲಾಗಿದೆ ಎಂಬ ಆರೋಪ ಎದ್ದು, 2024ರ ಜನವರಿ 10ರಂದು ಮರುಪರೀಕ್ಷೆ ನಡೆಯಿತು. ಅಲ್ಲಿಯೂ ಪ್ರಶ್ನೆಪತ್ರಿಕೆ ಸೋರಿಕೆಯ ದೂರು ಎದ್ದು ಅಭ್ಯರ್ಥಿಗಳು ಬಹಿಷ್ಕರಿಸಿದರು. ಅದಕ್ಕೆ ಕೆಲ ದಿನ ಮೊದಲು ನಾಗಪುರ ಅಧಿವೇಶನದಲ್ಲಿ ಅಂದಿನ ಉಪಮುಖ್ಯಮಂತ್ರಿ ಅಜಿತ್ ಪವಾರ್, ಪಿಎಚ್‌ಡಿ ಮಾಡಿ ಇವರು ಸಾಧಿಸುವುದೇನು ಎಂಬರ್ಥದ ಮಾತಾಡಿ ವಿವಾದಕ್ಕೆ ಗುರಿಯಾಗಿದ್ದರು.

ಪ್ರಬಂಧದ ಸಂತೆ

2022ಕ್ಕೆ ಮೊದಲು ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮುನ್ನ ಸಂಶೋಧನಾ ಪತ್ರಿಕೆಯಲ್ಲಿ ಕನಿಷ್ಠ ಒಂದು ಲೇಖನ ಪ್ರಕಟವಾಗಿರಬೇಕಿತ್ತು. ಆ ಷರತ್ತು ದುಡ್ಡು ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಸಂತೆಯನ್ನೇ ಬೆಳೆಸಿತು. ಅದನ್ನು ಬಯಲಿಗೆಳೆದವರೂ ಪುಣೆಯವರೇ. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಯುಜಿಸಿ ಪಟ್ಟಿಗೆ ಸೇರಿಸಿದ್ದ ಪತ್ರಿಕೆಗಳನ್ನು ಪುಣೆ ವಿಶ್ವವಿದ್ಯಾಲಯದ ತಂಡ ಪರಿಶೀಲಿಸಿದಾಗ, ಶೇ 88ರಷ್ಟು ಕಳಪೆ ಗುಣಮಟ್ಟದವು ಇರಬಹುದೆಂದು ಕಂಡುಬಂತು. 2018ರಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ನಂತರ ಬಂದ ಯುಜಿಸಿ-ಕೇರ್ ಪಟ್ಟಿಯನ್ನೂ 2025ರ ಫೆಬ್ರುವರಿಯಲ್ಲಿ ಕೈಬಿಟ್ಟು, ಪತ್ರಿಕೆಯ ಗುಣಮಟ್ಟ ಅಳೆಯುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೇ ವಹಿಸಿತು.

ಷರತ್ತು ಹೋದರೂ ಒತ್ತಡ ಹೋಗಿಲ್ಲ. ಎಐಸಿಟಿಇ ನಿಯಮದಂತೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಟೆಕ್ ಸಾಕು. ಸಹ ಪ್ರಾಧ್ಯಾಪಕರಾಗಬೇಕಾದರೆ ಪಿಎಚ್‌ಡಿಯೂ ಬೇಕು, ಪ್ರಕಟಿತ ಲೇಖನಗಳೂ ಬೇಕು. ಹಗಲು ಪಾಠ, ಸಂಜೆ ಮೌಲ್ಯಮಾಪನ, ರಾತ್ರಿ ಸಂಶೋಧನೆ ಎಂದು ಏಗುವ ಅರೆಕಾಲಿಕ ಪಿಎಚ್‌ಡಿ ಅಭ್ಯರ್ಥಿಗಳು ಹುಟ್ಟುವುದು ಇಲ್ಲಿಂದಲೇ. ಅವರಿಗೆ ಪಿಎಚ್‌ಡಿ ಜ್ಞಾನದ ಹಸಿವಿಗಿಂತ ಬಡ್ತಿಯ ಮೆಟ್ಟಿಲಾಗಿಬಿಡುತ್ತದೆ.

ವಿದೇಶದ ದಾರಿ

ಇದನ್ನೆಲ್ಲ ನೋಡಿ ಹಲವರು ವಿಮಾನ ಹತ್ತಿದರು. 2023–24ರಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು, ಅರ್ಧಕ್ಕಿಂತ ಹೆಚ್ಚಿನವರು ಸ್ನಾತಕೋತ್ತರ ಹಂತದವರು. ಆದರೆ ವೀಸಾ ತಪಾಸಣೆ ಬಿಗಿಯಾಗಿದೆ. ಹೊಸ ಎಚ್‌-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನು 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ ಮೇಲೆ, ಸಾಲ ಮಾಡಿ ಓದಿ ಅಲ್ಲೇ ದುಡಿದು ತೀರಿಸುವ ಲೆಕ್ಕಾಚಾರ ಅಲುಗಾಡಿದೆ. ದೇಶದೊಳಗಿನ ಸೀಟುಗಳ ಬೆಲೆ ಈಗ ಇನ್ನಷ್ಟು ಹೆಚ್ಚಿದೆ.

ಅರ್ಜಿ ಹಾಕುವ ಮುನ್ನ

ಹೀಗಿರುವಾಗ ಅರ್ಜಿದಾರರು ಸಂಸ್ಥೆಯ ಹೆಸರಿಗೆ ಮಾರುಹೋಗುವ ಮೊದಲು ವಿಚಾರಿಸಬೇಕಾದದ್ದು ಮೂರು ಸಂಗತಿ. ತಮ್ಮ ವಿಷಯದ ಮಾರ್ಗದರ್ಶಕರ ಬಳಿ ಈ ವರ್ಷ ಖಾಲಿ ಸೀಟು ಇದೆಯೇ? ಫೆಲೋಶಿಪ್ ಯಾರು ಕೊಡುತ್ತಾರೆ, ಎಷ್ಟು ವರ್ಷ? ಅದೇ ಮಾರ್ಗದರ್ಶಕರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಪ್ರಬಂಧ ಮುಗಿಸಿದರು? ಪ್ರವೇಶ ಪ್ರಕಟಣೆಯಲ್ಲಿ ಮೊದಲನೆಯದಕ್ಕೆ ಉತ್ತರ ಸಿಗಬಹುದು. ಉಳಿದೆರಡಕ್ಕೆ ಪ್ರಯೋಗಾಲಯಕ್ಕೇ ಹೋಗಿ ಹಿರಿಯ ಸಂಶೋಧನಾರ್ಥಿಗಳನ್ನು ಕೇಳಬೇಕು.

ಸರ್ಕಾರಗಳಿಗೂ ಪುಣೆಯಲ್ಲೇ ಒಂದು ಪಾಠವಿದೆ. ಮೈಸೂರು ಸರ್ಕಾರದ ನೆರವಿನಲ್ಲಿ ಓದಿದ ಆ ಯುವಕ ಮಾಡಿದ್ದು ಪಿಎಚ್‌ಡಿಯಲ್ಲ. ಆದರೆ ಓದು ಮುಗಿಸಿದ ಇಪ್ಪತ್ತೇ ವರ್ಷಕ್ಕೆ, 1903ರಲ್ಲಿ, ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು ಪುಣೆ ಪಕ್ಕದ ಖಡಕ್‌ವಾಸ್ಲಾ ಜಲಾಶಯದಲ್ಲಿ ನೀರು ತಡೆದು ನಿಂತವು. ಓದುವವರ ಖರ್ಚನ್ನು ಯಾರೋ ಒಬ್ಬರು ಹೊತ್ತಿದ್ದರಿಂದಲೇ ಅದು ಸಾಧ್ಯವಾಯಿತು. ಸಾಧಿಸುವುದೇನು ಎಂದು ಕೇಳುವವರು, ಸಾಧಿಸಲು ಕೊಟ್ಟದ್ದೆಷ್ಟು ಎಂಬುದನ್ನೂ ಲೆಕ್ಕ ಹಾಕಬೇಕು.