ಬಾಟಲಿಗೂ ಮೊದಲು ಬಟ್ಟಲು

‘ಬಾಟ್ಲಿ ಹಚ್ಚಿಬಿಡ್ರೀ ಸಾಹೇಬ್ರ, ಕೂಸು ಸೋತೈತಿ.’ ಮಳೆಗಾಲದಲ್ಲಿ ಹಿರೇಕೆರೂರು ಸೀಮೆಯ ದವಾಖಾನೆಗಳ ಬಾಗಿಲಲ್ಲಿ ಕೇಳಿಬರುವ ಮಾತಿದು. ವಾಂತಿ-ಭೇದಿ ಹತ್ತಿದ ಮಗುವನ್ನು ಎತ್ತಿಕೊಂಡು ಬರುವವರ ಮನಸ್ಸಿನಲ್ಲಿ ಮದ್ದೆಂದರೆ ಕಂಬಕ್ಕೆ ತೂಗುಹಾಕಿದ ಸಲಾಯಿನ್. ಅದು ಹತ್ತಿದರೆ ಸಮಾಧಾನ. ಪುಡಿಯ ಪೊಟ್ಟಣ ಕೊಟ್ಟು ಕಳಿಸುವ ವೈದ್ಯರಿಗೆ ‘ಸರಿಯಾಗಿ ನೋಡಲೇ ಇಲ್ಲ’ ಎಂಬ ಆಪಾದನೆ. ಕೂಸು ಸೋತದ್ದಾದರೂ ಯಾವಾಗ? ಹಿಂದಿನ ರಾತ್ರಿ ಮನೆಯಲ್ಲಿ, ‘ಕುಡಿದದ್ದೆಲ್ಲ ಹೊರಗ ಹೊಕ್ಕೈತಿ’ ಎಂದು ಹಾಲು, ನೀರು, ಅನ್ನ ನಿಲ್ಲಿಸಿದಾಗ.

ಇದೇ ಸೀಮೆಯ ಮಾಸೂರಿನ ಮನೆಮನೆಗೆ ಈ ಕರಪತ್ರ ಹೇಳಬೇಕಾದದ್ದು ಇಷ್ಟು: ಮೊದಲ ಸಲ ನೀರಾಗಿ ಹೋದಾಗಲೇ, ಮನೆಯಲ್ಲೇ, ಬಟ್ಟಲು-ಚಮಚೆಯಿಂದ ಮಗುವಿನ ಶುಶ್ರೂಷೆ ಶುರುವಾಗಬೇಕು. ಅದಕ್ಕೆ ಬೇಕಾದ, ಉಪ್ಪು-ಗ್ಲೂಕೋಸ್ ಪುಡಿಯ ಓಆರ್‌ಎಸ್ ಪೊಟ್ಟಣ ಮೊದಲೇ ಮನೆಯಲ್ಲಿರಬೇಕು.

ನೀರಾಗಿ ಹೋಗುವ ಭೇದಿಯಲ್ಲಿ ಮಗುವಿನ ಜೀವ ತೆಗೆಯುವುದು ಹೆಚ್ಚಾಗಿ ಮೈಯಿಂದ ಸೋರಿಹೋದ ನೀರು ಮತ್ತು ಉಪ್ಪಿನ ಕೊರತೆ. ಭೇದಿ ಹತ್ತಿದಾಗಲೂ ಕರುಳು ಹೀರಿಕೊಳ್ಳುವ ಕೆಲಸವನ್ನು ಪೂರ್ತಿ ಬಿಟ್ಟಿರುವುದಿಲ್ಲ. ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪನ್ನು ಜೊತೆಗೆ ಕರೆದೊಯ್ಯುತ್ತದೆ, ಇವೆರಡರ ಹಿಂದೆ ನೀರು ಹೋಗುತ್ತದೆ. ಬರೀ ನೀರಿಗೆ ಈ ಬಲವಿಲ್ಲ. ಬರೀ ಸಕ್ಕರೆ ಹೆಚ್ಚಾದರೆ ಕರುಳಿನೊಳಗೇ ನೀರು ಸೆಳೆದು ಭೇದಿ ಹೆಚ್ಚುತ್ತದೆ. ಅಳತೆ ಮುಖ್ಯ ಎನ್ನುವುದು ಅದಕ್ಕೇ.

ಈ ಅಳತೆ ದೊಡ್ಡ ಪರೀಕ್ಷೆಗೆ ಒಳಗಾದದ್ದು 1971ರಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತ್ತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಸಲಾಯಿನ್ ಮುಗಿಯುತ್ತ ಬಂದಿತ್ತು. ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸಿದವರು ಯಾರು? ಮಗ್ಗಲಲ್ಲಿ ಕೂತಿದ್ದ ತಾಯಂದಿರು, ಅಕ್ಕ-ತಂಗಿಯರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಮಹಲನಬಿಸ್ ತೀರಿಕೊಂಡದ್ದು 2022ರಲ್ಲಿ. ಮರುವರ್ಷ ಸರಕಾರ ಪದ್ಮವಿಭೂಷಣ ಕೊಟ್ಟಿತು. ತಡವಾಯಿತು ಎನ್ನದೆ ವಿಧಿಯಿಲ್ಲ.

ಇಂದಿನ ಪೊಟ್ಟಣ ಆ ಮಿಶ್ರಣದ ತಿದ್ದಿದ ರೂಪ. ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ. ಅಷ್ಟನ್ನೂ ಒಂದೇ ಸಲ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಬೇಕು. ಎಡವಟ್ಟಾಗುವುದು ಇಲ್ಲಿಯೇ. ‘ಕೂಸು ಅಷ್ಟೆಲ್ಲಿ ಕುಡೀತೈತಿ’ ಎಂದು ಒಂದು ಲೋಟಕ್ಕೆ ಅಂದಾಜಿನಲ್ಲಿ ಚಿಟಿಕೆ ಪುಡಿ ಉದುರಿಸಿದರೆ ಉಪ್ಪು ಹೆಚ್ಚೋ ಕಡಿಮೆಯೋ ಆಗುತ್ತದೆ. ಕಲಸಿದ್ದನ್ನು ಮುಚ್ಚಿಟ್ಟು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200. ಗಟಗಟ ಕುಡಿಸಬಾರದು, ಚಮಚೆಯಲ್ಲಿ ಹನಿಸಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಶುರು. ಬೇಸರದ ಕೆಲಸ ನಿಜ. ರಾತ್ರಿಯ ನಿದ್ದೆ ಕೆಡುತ್ತದೆ.

ಎದೆಹಾಲು ನಿಲ್ಲಿಸಲೇಬಾರದು. ಅನ್ನ ತಿನ್ನುವ ಮಗುವಿಗೆ ಮೆತ್ತಗೆ ಬೇಯಿಸಿದ ಅನ್ನ-ಬೇಳೆ, ಮೊಸರನ್ನ, ಗಂಜಿ, ಬಾಳೆಹಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಹಸುಗೂಸಿನ ನೆತ್ತಿ ಕುಳಿಬಿದ್ದರೆ ಹರಳೆಣ್ಣೆ ತಟ್ಟುವ ಅಜ್ಜಿಯರಿದ್ದಾರೆ. ಅವರ ಕಣ್ಣು ಕಂಡದ್ದು ಸರಿ: ಕುಳಿಬಿದ್ದ ನೆತ್ತಿ ಮೈಯ ನೀರು ಇಳಿದುದರ ಗುರುತು. ಹೊರಗಿನ ಎಣ್ಣೆ ಮಾತ್ರ ಒಳಗಿನ ನೀರು ತುಂಬಿಕೊಡದು. ‘ಹಲ್ಲು ಬರೋ ಭೇದಿ’ ಎಂದು ಕೈಕಟ್ಟಿ ಕೂಡುವುದೂ ಸಲ್ಲ. ಆ ವಯಸ್ಸಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಹೊಟ್ಟೆ ಕೆಡಲು ಅಷ್ಟು ಸಾಕು.

ಓಆರ್‌ಎಸ್ ಜೊತೆ ಹೋಗಬೇಕಾದ ಇನ್ನೊಂದು ಮದ್ದು ಸತುವಿನ, ಅಂದರೆ ಜಿಂಕ್‌ನ ಗುಳಿಗೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ ಅದರ ಅರ್ಧ, ಒಟ್ಟು 14 ದಿನ. ಮೂರನೇ ದಿನ ಭೇದಿ ನಿಂತರೂ ಗುಳಿಗೆ ನಿಲ್ಲಿಸಬಾರದು. ಮುಂದಿನ ಎರಡು-ಮೂರು ತಿಂಗಳು ಮತ್ತೆ ಭೇದಿ ಹತ್ತುವುದನ್ನು ಇದು ತಗ್ಗಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ನೂರಕ್ಕೆ ಸುಮಾರು 61 ಮಕ್ಕಳಿಗೆ, ಸತು ಸಿಕ್ಕಿದ್ದು 31ಕ್ಕೆ ಮಾತ್ರ. ಇನ್ನು ಆ್ಯಂಟಿಬಯಾಟಿಕ್: ನೀರಿನಂಥ ಸಾಮಾನ್ಯ ಭೇದಿಗೆ ಅದು ಬೇಕಿಲ್ಲ. ಭೇದಿ ‘ಕಟ್ಟುವ’ ಗುಳಿಗೆಯನ್ನು ಅಂಗಡಿಯಿಂದ ತಂದು ಚಿಕ್ಕ ಮಕ್ಕಳಿಗೆ ನುಂಗಿಸುವುದಂತೂ ಅಪಾಯ.

ಅಂಗಡಿಯಲ್ಲಿ ‘ಓಆರ್‌ಎಸ್’ ಎಂದು ಕೇಳಿ ಬಣ್ಣಬಣ್ಣದ ಸಿಹಿ ಪಾನೀಯದ ಡಬ್ಬಿ ತಂದವರೂ ಇದ್ದಾರೆ. ತಪ್ಪು ಅವರದಲ್ಲ. ಸಕ್ಕರೆ ಹಲವು ಪಟ್ಟು ಹೆಚ್ಚಿದ್ದ ಪಾನೀಯಗಳ ಮೇಲೂ ವರ್ಷಗಟ್ಟಲೆ ಆ ಹೆಸರಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಪಟ್ಟುಬಿಡದೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ, ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಹೆಸರು ಹಾಕಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂಬ ಬರಹ ಇದೆಯೇ ನೋಡಿಯೇ ಕೊಳ್ಳಬೇಕು.

ಹಾಗಾದರೆ ಬಾಟಲಿ ಬೇಡವೇ? ಬೇಕಾದಾಗ ಬೇಕೇ ಬೇಕು. ಮಗು ಕುಡಿಯಲಾರದಷ್ಟು ಮಂಕಾಗಿದ್ದರೆ, ಕುಡಿದದ್ದೆಲ್ಲ ಕಾರುತ್ತಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದೆ ಸರಿದರೆ, ಉಚ್ಚೆ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು. 108 ಆಂಬುಲೆನ್ಸ್ ಇರುವುದು ಅದಕ್ಕೆ. ಎರಡು ತಿಂಗಳೊಳಗಿನ ಕೂಸಿನ ವಿಷಯದಲ್ಲಿ ಈ ಗುರುತುಗಳಿಗೂ ಕಾಯಬಾರದು. ಮಗು ಕುಡಿಯುವ ಸ್ಥಿತಿಯಲ್ಲಿದ್ದರೆ ದಾರಿಯುದ್ದಕ್ಕೂ ಬಾಯಿಗೆ ಹನಿಸುತ್ತಲೇ ಹೋಗಬೇಕು.

ತಾಯಂದಿರಿಗೆ ಹೇಳಿ ಪಂಚಾಯಿತಿಯನ್ನು ಬಿಟ್ಟರೆ ಅನ್ಯಾಯವಾದೀತು. 2023ರ ಜೂನ್‌ನಲ್ಲಿ ಕುಷ್ಟಗಿ ತಾಲ್ಲೂಕಿನ ಬಿಜಕಲ್‌ನಲ್ಲಿ ವಾಂತಿ-ಭೇದಿಯಿಂದ ಹತ್ತು ವರ್ಷದ ಹುಡುಗಿ ಸತ್ತಳು. ಎರಡು ತಿಂಗಳೊಳಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಜೀವಗಳನ್ನು ಬಲಿ ತೆಗೆದುಕೊಂಡಿತು. ಗಟಾರದೊಳಗೆ ಹಾದುಹೋಗುವ ನಲ್ಲಿಯ ಪೈಪು ಒಡೆದರೆ ಯಾವ ಚಮಚೆಯೂ ಊರನ್ನು ಕಾಯದು. ಕುಮುದ್ವತಿ ಹೊಳೆಗೆ ಕೆಂಪು ನೀರು ಬರುವ ಮೊದಲೇ ಪೈಪು, ಟಾಕಿ, ಬೋರ್‌ವೆಲ್ಲುಗಳ ಪರೀಕ್ಷೆ ಮುಗಿದು, ಫಲಿತಾಂಶ ಪಂಚಾಯಿತಿಯ ಫಲಕದ ಮೇಲೆ ಬರಬೇಕು. ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಕೊಡುವ, ಭೇದಿ ತಡೆಯುವ ರೋಟಾ ಲಸಿಕೆಯ ಹನಿ ಯಾವ ಕೂಸಿಗೂ ತಪ್ಪಬಾರದು.

ಬಾಂಗ್ಲಾದೇಶದಲ್ಲಿ 1980ರಿಂದ 1990ರವರೆಗೆ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಸುಮಾರು 1.2 ಕೋಟಿ ಮನೆಗಳಿಗೆ ನಡೆದುಹೋಗಿ, ಉಪ್ಪು-ಬೆಲ್ಲದ ನೀರು ಕಲಸುವುದನ್ನು ಕಲಿಸಿದರು. ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೆಂದು ನೋಡಿ ಕಲಿಸಿದವರ ಸಂಬಳ ಲೆಕ್ಕಹಾಕುತ್ತಿದ್ದರು. ನಮ್ಮ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಅಳತೆ ಮಾಡಿದ ಪೊಟ್ಟಣವೇ ಇರಬೇಕೆಂದು ಸರಕಾರದ ನಿಯಮವಿದೆ. ಜೂನ್ ಮೊದಲ ವಾರ ಮಾಸೂರಿನ ಪ್ರತಿ ಅಂಗನವಾಡಿಯಲ್ಲಿ ತಾಯಂದಿರೇ ಒಮ್ಮೆ ತಮ್ಮ ಕೈಯಾರೆ ಒಂದು ಲೀಟರ್ ಕಲಸಿ ನೋಡಲಿ. ಮನೆಗೆ ಎರಡು ಪೊಟ್ಟಣ, 14 ಸತುವಿನ ಗುಳಿಗೆ ಒಯ್ಯಲಿ. ಪೊಟ್ಟಣ ತೀರಿದ್ದರೆ ಯಾವ ದಿನ ತೀರಿತು, ಯಾವ ದಿನ ಬರುತ್ತದೆ ಎಂದು ಆರೋಗ್ಯ ಕೇಂದ್ರದ ಬಾಗಿಲ ಮೇಲೆ ಬರೆದು ಹಾಕಲಿ.