ಕೋರ್ಸ್‌ಗೆ ಸಾಲ ಮಾಡೋ ಮೊದಲು ಲೆಕ್ಕ ಹಾಕ್ರಪ್ಪ!

1/7
ನೇರವಾಗಿ ಹೇಳಿಬಿಡ್ತೀನಿ. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ, ಕಾಲೇಜ್ ಕಾಂಪೌಂಡ್ ಮೇಲೆ, ಎರಡು ರೀಲ್ಸ್ ಮಧ್ಯೆ, ಎಲ್ಲಾ ಕಡೆ ಒಂದೇ ಜಾಹೀರಾತು. ಆರು ತಿಂಗಳಲ್ಲಿ ಸಾಫ್ಟ್‌ವೇರ್ ಕೆಲಸ, 100% ಪ್ಲೇಸ್‌ಮೆಂಟ್, ಯಾವ ಡಿಗ್ರಿ ಆದ್ರೂ ಓಕೆ, ಇಎಂಐ ಸೌಲಭ್ಯ ಇದೆ. ಈ ನಾಲ್ಕರಲ್ಲಿ ನಿಜವಾಗ್ಲೂ ಗ್ಯಾರಂಟಿ ಇರೋದು ಕೊನೆಯದಕ್ಕೆ ಮಾತ್ರ. ಕೆಲಸ ಬಂದ್ರೂ ಬರದಿದ್ರೂ ಇಎಂಐ ಬಂದೇ ಬರುತ್ತೆ.

ಕಂಪ್ಯೂಟರ್ ಫೀಲ್ಡ್‌ಗೆ ಹೋಗ್ಬೇಡಿ ಅಂತ ನಾನು ಹೇಳ್ತಿಲ್ಲ. ನಾನೂ ಅದೇ ದಾರಿ ನೋಡ್ತಿದ್ದೀನಿ. ಆದ್ರೆ ಸಾಲದ ಬಾಗಿಲಿಂದ ಒಳಗೆ ಹೋಗ್ಬೇಡಿ. ಅಷ್ಟೇ ನನ್ನ ಜಗಳ.

2/7
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್‌ಗೆ ಹೋಗಿ ನೋಡಿ. ರೀಲರ್ ಗೂಡನ್ನ ಕೈಯಲ್ಲಿ ತಗೊಂಡು, ಒತ್ತಿ, ಅಲ್ಲಾಡಿಸಿ ನೋಡದೆ ರೇಟು ಹಾಕಲ್ಲ. ಚಿಂತಾಮಣಿ ಮಂಡಿಯಲ್ಲಿ ಮೇಲಿನ ಸಾಲಿನ ಟೊಮೆಟೊ ಕೆಂಪಗಿದೆ ಅಂತ ಯಾರೂ ದುಡ್ಡು ಎಣಿಸಲ್ಲ, ಕ್ರೇಟಿನ ಕೆಳಗೂ ಕೈ ಹಾಕ್ತಾರೆ. ಇಷ್ಟು ಹುಷಾರಾಗಿರೋ ಊರಿನ ಮಕ್ಕಳು ನಾವು. ಒಂದು ಡೆಮೊ ಕ್ಲಾಸು, ಒಂದು ಎಸಿ ರೂಮು, ಪಟಪಟ ಇಂಗ್ಲಿಷ್ ಮಾತಾಡೋ ಕೌನ್ಸೆಲರ್ ನೋಡಿದ ತಕ್ಷಣ ಓಟಿಪಿ ಹೇಳಿಬಿಡ್ತೀವಿ!

ಆ ಓಟಿಪಿ ಅಡ್ಮಿಷನ್ ಅಲ್ಲ ಕಣ್ರೋ, ಎಷ್ಟೋ ಸಲ ಅದು ಲೋನಿನ ಸಹಿ. ಲೋನ್ ಕಂಪನಿ ಫೀಸನ್ನ ಇನ್‌ಸ್ಟಿಟ್ಯೂಟ್‌ಗೆ ಕಟ್ಟುತ್ತೆ. ಆಮೇಲೆ ನೀವು ಕ್ಲಾಸ್ ಬಿಟ್ರೂ ಸಾಲ ನಿಮ್ಮ ಹೆಸರಲ್ಲೋ ಅಪ್ಪನ ಹೆಸರಲ್ಲೋ ಇರುತ್ತೆ. ಕಂತು ತಪ್ಪಿದ್ರೆ ಸಿಬಿಲ್ ಸ್ಕೋರ್ ಬೀಳುತ್ತೆ.

3/7
ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. 60,000 ರೂಪಾಯಿ ಕೋರ್ಸ್, 12% ಫ್ಲಾಟ್ ಬಡ್ಡಿ, 24 ತಿಂಗಳು ಅಂತ ಇಟ್ಕೊಳ್ಳಿ. ಬಡ್ಡಿ 14,400. ತಿಂಗಳ ಕಂತು 3,100. ನೀವು ಪ್ರತಿ ತಿಂಗಳು ಅಸಲು ತೀರಿಸ್ತಾ ಇದ್ರೂ, ಬಡ್ಡಿ ಮಾತ್ರ ಕೊನೆ ತಿಂಗಳವರೆಗೂ ಪೂರ್ತಿ 60,000ಕ್ಕೇ ಬೀಳುತ್ತೆ. ಅದೇ 12% ಉಳಿದ ಅಸಲಿನ ಮೇಲೆ ಮಾತ್ರ ಹಾಕಿದ್ರೆ ಒಟ್ಟು ಬಡ್ಡಿ ಸುಮಾರು 7,800. ಅಂದ್ರೆ 12% ಅಂತ ಹೇಳಿ ಅವರು ನಿಜವಾಗಿ ತಗೊಳ್ಳೋದು ವರ್ಷಕ್ಕೆ ಹತ್ತಿರ ಹತ್ತಿರ 21.6%!

ಇನ್ನೊಂದು ತಮಾಷೆ ನೋಡಿ. ಡಿಗ್ರಿ ಮುಗಿದು ಆರು ತಿಂಗಳು ಕೆಲಸ ಸಿಗದಿದ್ರೆ ಬರೋ ಯುವನಿಧಿ ತಿಂಗಳಿಗೆ 3,000. ಅದನ್ನ ಪೂರ್ತಿ ಕೊಟ್ರೂ ಈ ಕಂತಿಗೆ 100 ರೂಪಾಯಿ ಸಾಲಲ್ಲ. ಬೆಂಗಳೂರಿನ ಪಿಜಿ ಬಾಡಿಗೆ, ಲ್ಯಾಪ್‌ಟಾಪ್, ಗೌರಿಬಿದನೂರಿಂದ ದಿನಾ ಟ್ರೈನಲ್ಲಿ ಓಡಾಡೋ ಖರ್ಚು ಇದರಲ್ಲಿ ಸೇರಿಲ್ಲ.

ಮೂರು ವರ್ಷ ಬಡ್ಡಿ ಲೆಕ್ಕ ಓದಿ, ಸ್ವಂತ ಸಾಲಕ್ಕೆ ಕ್ಯಾಲ್ಕುಲೇಟರ್ ತೆಗೀದಿದ್ರೆ ಬಿಕಾಂ ಯಾಕೆ ಓದಬೇಕು?

4/7
ಸಹಿ ಹಾಕೋ ಮುಂಚೆ ಕೇಳಲೇಬೇಕಾದ್ದು:
👉 ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಿ. ಇದು ಆರ್‌ಬಿಐ ನಿಯಮ, ಅವರ ದಾನ ಅಲ್ಲ. ಎಲ್ಲಾ ಚಾರ್ಜ್ ಸೇರಿಸಿ ವಾರ್ಷಿಕ ದರ ಎಷ್ಟು ಅಂತ ಅದರಲ್ಲಿ ಇರಲೇಬೇಕು.
👉 ಕೂಲಿಂಗ್ ಆಫ್ ಅವಧಿ ಎಷ್ಟು ದಿನ? ಡಿಜಿಟಲ್ ಲೋನ್ ಆದ್ರೆ ಆ ಅವಧಿಯಲ್ಲಿ ದಂಡ ಇಲ್ಲದೆ ಹಿಂದೆ ಸರೀಬಹುದು.
👉 ಪ್ಲೇಸ್‌ಮೆಂಟ್ ಮಾತನ್ನ ಬರವಣಿಗೆಯಲ್ಲಿ ಕೊಡ್ತೀರಾ? ಇಂಟರ್‌ವ್ಯೂಗೆ ಕಳಿಸೋದು ಬೇರೆ, ಕೆಲಸ ಕೊಡಿಸೋದು ಬೇರೆ.
ಈ ಮೂರು ಕೇಳಿದಾಗ ಕೌನ್ಸೆಲರ್ ಮುಖ ಬಾಡಿದ್ರೆ, ಬಸ್ ಹತ್ತಿ ವಾಪಸ್ ಬನ್ನಿ.

5/7
ಸರಿ, ಹಂಗಾದ್ರೆ ಏನು ಮಾಡೋದು?
✅ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್: ಪುಕ್ಕಟೆ, ಕನ್ನಡದಲ್ಲೂ ಪಾಠಗಳಿವೆ.
✅ ಸ್ವಯಂ, ಎನ್‌ಪಿಟಿಇಎಲ್: ಕಲಿಯೋದು ಉಚಿತ. ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಪರೀಕ್ಷೆ ಫೀಸು.
✅ ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಆನ್‌ಲೈನ್ ಬಿಎಸ್: ಪಿಯುಸಿ ಕಾಮರ್ಸ್ ಓದಿದ್ರೂ ಅರ್ಹತಾ ಪರೀಕ್ಷೆ ಪಾಸಾಗಿ ಸೇರಬಹುದು. ವರ್ಗ ಮತ್ತು ಮನೆ ಆದಾಯ ನೋಡಿ ಫೀಸಲ್ಲಿ ದೊಡ್ಡ ರಿಯಾಯಿತಿ ಇದೆ. ಎರಡು ಡಿಗ್ರಿ ಒಟ್ಟಿಗೆ ಓದೋಕೆ ಯುಜಿಸಿ 2022ರಲ್ಲೇ ಒಪ್ಪಿಗೆ ಕೊಟ್ಟಿದೆ.
✅ ಎಂಸಿಎ ಆಸೆ ಇದ್ರೆ ಪಿಜಿಸಿಇಟಿ. ಗಣಿತದ ನಿಯಮ ಆ ವರ್ಷದ ಕೈಪಿಡಿಯಲ್ಲಿ ನೋಡ್ಕೊಳ್ಳಿ.
ಸಾಲ ಬೇಕೇ ಬೇಕು ಅಂದ್ರೆ ಇಂಥ ಮಾನ್ಯತೆ ಇರೋ ಕೋರ್ಸಿಗೆ, ಬ್ಯಾಂಕಲ್ಲಿ ಶಿಕ್ಷಣ ಸಾಲ ತಗೊಳ್ಳಿ. 4 ಲಕ್ಷದವರೆಗೆ ಅವರು ಅಡಮಾನ ಕೇಳೋ ಹಾಗಿಲ್ಲ. ಸಾಮಾನ್ಯವಾಗಿ ಕಂತು ಶುರುವಾಗೋದು ಓದು ಮುಗಿದು ಒಂದು ವರ್ಷ ಆದ್ಮೇಲೆ.

6/7
"ಪುಕ್ಕಟೆ ಸಿಕ್ಕಿದ್ರೆ ಓದಲ್ಲ, ದುಡ್ಡು ಕಟ್ಟಿದ್ರೇನೇ ಸೀರಿಯಸ್ಸು" ಅನ್ನೋರು ಇದ್ದಾರೆ. ಒಳ್ಳೆ ವಾದ. ಅದಕ್ಕೇ ಮೂರು ತಿಂಗಳು ದಿನಾ ಒಂದು ಗಂಟೆ ಉಚಿತವಾಗಿ ಕಲಿತು ನೋಡಿ. ಕೂರೋಕಾದ್ರೆ, ಆಮೇಲೆ ದುಡ್ಡು ಕಟ್ಟಿ. ಕೂರೋಕಾಗದಿದ್ರೆ 60,000 ಸಾಲ ನಿಮ್ಮನ್ನ ಕೂರಿಸಲ್ಲ, ಭಯ ಮಾತ್ರ ಹುಟ್ಟಿಸುತ್ತೆ. ಚೆನ್ನಾಗಿ ಕಲಿಸೋ ಇನ್‌ಸ್ಟಿಟ್ಯೂಟ್‌ಗಳೂ ಇವೆ. ಅಲ್ಲಿ ತಿಂಗಳು ತಿಂಗಳು ಫೀಸ್ ಕಟ್ತೀನಿ ಅಂತ ಕೇಳಿ.

ಇನ್ನೊಂದು, ಬಿಕಾಂನವರು ಅಂತ ತಲೆ ತಗ್ಗಿಸಬೇಡಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ್ಮೇಲೆ ಅಂಗಡಿ ಲೆಕ್ಕ ಕಂಪ್ಯೂಟರಿಗೆ ಬಂದಿದೆ. ಡೆಬಿಟ್ ಕ್ರೆಡಿಟ್ ಗೊತ್ತಿದ್ದು, ಎಕ್ಸೆಲ್, ಎಸ್‌ಕ್ಯುಎಲ್, ಸ್ವಲ್ಪ ಪೈಥಾನ್ ಬರೋರಿಗೆ ಬರೀ ಕೋಡಿಂಗ್ ಬರೋರ ಹತ್ರ ಇಲ್ಲದ ಒಂದು ಬಲ ಇದೆ. ಅದನ್ನ ಬಿಸಾಕಿ ಓಡಬೇಡಿ.

7/7
ಸೆಪ್ಟೆಂಬರ್ 15 ಬಂದ್ರೆ ಎಲ್ಲರ ಸ್ಟೇಟಸ್‌ನಲ್ಲೂ ನಮ್ಮ ಮುದ್ದೇನಹಳ್ಳಿಯ ಸರ್ ಎಂವಿ. ಅವರು ಬೆಂಗಳೂರಲ್ಲಿ ಬಿಎ ಓದಿದ್ದು ಮನೆಪಾಠ ಹೇಳ್ಕೊಂಡು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ಸ್ಕಾಲರ್‌ಶಿಪ್‌ನಲ್ಲಿ. ಫೋಟೋ ಹಾಕೋ ನಾವು ಎಸ್‌ಎಸ್‌ಪಿ ಅರ್ಜಿಯ ಕೊನೇ ದಿನಾಂಕನೂ ನೋಡಿರಲ್ಲ!

ಈ ವಾರ ಸಹಿ ಹಾಕೋಕೆ ರೆಡಿಯಾಗಿರೋ ಒಬ್ಬ ಫ್ರೆಂಡ್ ನಿಮಗೂ ಇರ್ತಾರೆ. ಅವರಿಗೆ ಮೂರನೇ ಸ್ಲೈಡ್ ಕಳಿಸಿ. ಲೆಕ್ಕ ಬರದಿದ್ರೆ ನಂಗೆ ಮೆಸೇಜ್ ಹಾಕಿ, ಕೂತು ಮಾಡೋಣ. ಅದಕ್ಕೆ ಫೀಸಿಲ್ಲ, ಇಎಂಐಯೂ ಇಲ್ಲ.

#ಚಿಕ್ಕಬಳ್ಳಾಪುರ #ಗೌರಿಬಿದನೂರು #ಚಿಂತಾಮಣಿ #ಶಿಡ್ಲಘಟ್ಟ #ಬಿಕಾಂ #ಮೊದಲುಲೆಕ್ಕಆಮೇಲೆಸಹಿ